ಒಂದು ಗುಂಡಿ, ಒಂದು ಮಂಡಿ

ಕೆಲಸಕ್ಕೆ ಸೇರಿದ ಮೊದಲ ದಿನವೇ ನಾನು ನನ್ನ ಮೇಲಧಿಕಾರಿಯನ್ನು ಜ್ವರದ ವಾರ್ಡಿಗೆ ಸೇರಿಸಲು ಹೊರಟಿದ್ದೆ.

ಅದು ಆಸ್ಪತ್ರೆ. ಕಂಪ್ಯೂಟರ್ ವಿಭಾಗದಲ್ಲಿ ನನ್ನದು ಕಿರಿಯ ಹುದ್ದೆ, ಹಿರಿಯ ಗತ್ತು. ಸರ್ವರ್ ಕೋಣೆಯ ಬಾಗಿಲು ತೆಗೆದರೆ, ಸುಡುಬೇಸಿಗೆಯಲ್ಲಿ ಸ್ವೆಟರ್ ತೊಟ್ಟು, ತಲೆಗೆ ಸ್ಕಾರ್ಫ್ ಸುತ್ತಿದ ಐವತ್ತರ ಹೆಂಗಸೊಬ್ಬರು ಸ್ಟೂಲಿನ ಮೇಲೆ ಕೂತಿದ್ದರು. ಚಳಿಜ್ವರದ ರೋಗಿ, ಪಾಪ, ದಾರಿ ತಪ್ಪಿ ಬಂದಿದ್ದಾರೆ ಎಂದುಕೊಂಡೆ. ಯಂತ್ರಗಳನ್ನು ತಣ್ಣಗಿಡುವ ಕೋಣೆಯಲ್ಲಿ ದಿನವಿಡೀ ಕೂರುವವರಿಗೆ ಸ್ವೆಟರ್ ಬೇಕಾಗುತ್ತದೆ ಎಂಬಷ್ಟು ಬುದ್ಧಿ ನನ್ನ ಡಿಗ್ರಿಯಲ್ಲಿರಲಿಲ್ಲ. "ಬನ್ನಿ ಅಮ್ಮಾ, ಹೆದರಬೇಡಿ," ಎಂದು ಕೈಹಿಡಿದು ಎರಡು ಮಹಡಿ ಇಳಿಸಿದೆ. ಮೆಟ್ಟಿಲಿಗೊಮ್ಮೆ ಮಂಡಿ ಹಿಡಿದು ನಿಂತರೇ ಹೊರತು ತುಟಿ ಪಿಟಕ್ಕೆನ್ನಲಿಲ್ಲ. ವಾರ್ಡು ಸೇರಿದ್ದೇ ನರ್ಸ್‌ಗೆ, "ಪ್ರಿಂಟರ್ ಕೆಟ್ಟಿದೆ ಅಂದಿದ್ರಲ್ಲ, ಎಲ್ಲಿ?" ಅಂದರು. ಆಮೇಲೆ ನನ್ನತ್ತ ತಿರುಗಿ, "ಹೇಗೂ ಇಳೀಬೇಕಿತ್ತು. ವಾಪಸ್ ಹತ್ತಿಸೋದೂ ನೀನೇ."

ಎಲ್ಲರ ಬಾಯಲ್ಲೂ ಅವರು ಸ್ವೆಟರ್ ಅಕ್ಕ. ಇಪ್ಪತ್ತಾರು ವರ್ಷದ ಹಿಂದೆ ರೋಗಿಗಳ ಹೆಸರು ಟೈಪ್ ಮಾಡಲು ಸೇರಿದವರು. ಕಂಪ್ಯೂಟರ್ ಕೆಟ್ಟಾಗಲೆಲ್ಲ ರಿಪೇರಿಯವನ ಹೆಗಲ ಮೇಲಿಂದ ಇಣುಕಿ ನೋಡಿ ನೋಡಿ, ಕೊನೆಗೆ ಅವನೇ ಇವರನ್ನು ಕೇಳುವಂತಾಯಿತಂತೆ.

ಲ್ಯಾಬಿನ ರಿಪೋರ್ಟುಗಳನ್ನು ವಾರ್ಡುಗಳಿಗೆ ಕಳಿಸುವ ಪ್ರೋಗ್ರಾಂ ಒಂದಿತ್ತು. ದಿನಕ್ಕೆ ಎರಡು ಸಲವಾದರೂ ಮುಷ್ಕರ ಹೂಡುತ್ತಿತ್ತು. ಅಕ್ಕ ಬಂದು ಎರಡು ಸಾಲು ಟೈಪ್ ಮಾಡಿದರೆ ಮತ್ತೆ ಎದ್ದು ಕೂರುತ್ತಿತ್ತು. ಈ ಉಪಚಾರದಲ್ಲಿ ಅವರ ಮಂಡಿಯ ಆಪರೇಷನ್ ಎರಡು ಸಲ ಮುಂದಕ್ಕೆ ಹೋಗಿತ್ತು. "ಸೋಮವಾರ ಎಡ ಮಂಡಿ ಮಾಡ್ತೀನಿ. ಈ ಸಲವೂ ತಪ್ಪಿಸಿದ್ರೆ ಬೇರೆ ಡಾಕ್ಟ್ರನ್ನ ನೋಡ್ಕೊಳ್ಳಿ," ಎಂದು ಸರ್ಜನ್ ಖಡಾಖಂಡಿತವಾಗಿ ಹೇಳಿದ್ದರು.

"ನಾನಿದ್ದೀನಲ್ಲ ಅಕ್ಕಾ," ಎಂದೆ ಎದೆ ಸೆಟೆಸಿ.

"ನೀನು ಐದಕ್ಕೆ ಮನೆಗೆ ಹೋಗ್ತೀಯ. ರೋಗಿಗಳ ರಕ್ತ ಐದು ಗಂಟೆ ನೋಡಲ್ಲ."

"ಹಾಗಾದ್ರೆ ಲ್ಯಾಬಿನವರಿಗೆ ಸರ್ವರ್ ಪಾಸ್‌ವರ್ಡ್ ಬರೆದು ಕೊಟ್ಬಿಡೋಣ."

"ಒಂದು ಬೀರು ತೆಗೆಯೋಕೆ ಇಡೀ ಆಸ್ಪತ್ರೆ ಬೀಗದ ಕೈ ಗೊಂಚಲು ಕೊಡ್ತೀಯಾ? ಭೇಷ್."

ಸರ್ವರ್‌ಗಳನ್ನು ನಾವು ನೋಡಿಕೊಳ್ಳುತ್ತಿದ್ದುದು ಬ್ರೌಸರ್‌ನಲ್ಲಿ ತೆರೆಯುವ ಒಂದು ತಾಣದಿಂದ. ಅದಕ್ಕೆ ಬೇಕಾದ ಪುಟವನ್ನು ನಾವೇ ಬರೆದು ಸೇರಿಸಬಹುದು. ಪ್ಲಗಿನ್ ಅನ್ನುವುದು ಅದಕ್ಕೇ. ಅಕ್ಕ ನಾಲ್ಕು ದಿನ ಕೂತು ಒಂದನ್ನು ಬರೆದರು. ನೋಡಲು ಏನೂ ಇಲ್ಲ. ಪ್ರೋಗ್ರಾಂ ನಡೆಯುತ್ತಿದ್ದರೆ ಹಸಿರು ಚುಕ್ಕೆ, ನಿಂತರೆ ಕೆಂಪು, ಕೆಳಗೆ 'ಮತ್ತೆ ಶುರು' ಎಂಬ ಗುಂಡಿ. ಲ್ಯಾಬಿನವರು ತಮ್ಮ ಹೆಸರಿನಲ್ಲೇ ಲಾಗಿನ್ ಆಗಿ ಆ ಗುಂಡಿ ಒತ್ತಬಹುದು. ಸರ್ವರ್‌ನಲ್ಲಿ ಮತ್ತೇನನ್ನೂ ಮುಟ್ಟಲಾಗದು.

ಅದನ್ನು ಸರ್ವರ್‌ಗೆ ಅಳವಡಿಸುವ ಕೆಲಸ ನನಗೆ ಬಂತು. ಶನಿವಾರ ಅಳವಡಿಸಿ, ನನ್ನ ಲಾಗಿನ್‌ನಲ್ಲಿ ತೆರೆದು ನೋಡಿ, ಅಕ್ಕನನ್ನೂ ಕರೆದುಕೊಂಡು, ಮದುಮಗನ ಹಾಗೆ ಬೀಗುತ್ತ ಲ್ಯಾಬಿಗೆ ಹೋದೆ. ಅಲ್ಲಿನ ಟೆಕ್ನಿಷಿಯನ್ ಲಾಗಿನ್ ಆದಳು. ಪುಟವೇ ಇಲ್ಲ.

"ನಂಗೇನೂ ಕಾಣ್ತಿಲ್ಲ ಅಕ್ಕಾ."

ಬ್ರೌಸರ್ ಬದಲಿಸಿದೆ, ಕಂಪ್ಯೂಟರ್ ಆರಿಸಿ ಹಚ್ಚಿದೆ, ಕೇಬಲ್ ಅಲ್ಲಾಡಿಸಿದೆ. ಟೆಕ್ನಿಷಿಯನ್‌ಗೆ ಕನ್ನಡಕ ಬೇಕೇನೋ ಎಂದೂ ಸೂಚಿಸಿದೆ. ಅಕ್ಕ ಮಂಡಿ ನೀವಿಕೊಳ್ಳುತ್ತಾ ಕೇಳಿದರು, "ಎಲ್ಲಿಟ್ಟೆ ಅದನ್ನ?"

"ನನ್ನ ಫೋಲ್ಡರ್‌ನಲ್ಲಿ."

"ನಿನ್ನ ಮನೆ ಒಳಗಿನ ಗೋಡೆಗೆ ನೋಟಿಸ್ ಅಂಟಿಸಿ, ಊರವರು ಓದ್ತಿಲ್ಲ ಅಂತ ಕನ್ನಡಕ ಕೊಡಿಸ್ತೀಯೇನೋ?"

ಎಲ್ಲರಿಗೂ ಸೇರಿದ ಫೋಲ್ಡರ್‌ಗೆ ಅವರೇ ಸರಿಸಿದರು. ಪುಟ ಕಂಡಿತು. ಬೇಕೆಂದೇ ಪ್ರೋಗ್ರಾಂ ನಿಲ್ಲಿಸಿದರು, ಚುಕ್ಕೆ ಕೆಂಪಾಯಿತು. ಆಮೇಲೆ ಎದ್ದು ಬಾಗಿಲ ಕಡೆ ಹೊರಟರು.

"ಎಲ್ಲಿಗಕ್ಕಾ? ಇಲ್ಲೇ ಇರಿ, ಭಯ ಆಗತ್ತೆ," ಅಂದಳು ಟೆಕ್ನಿಷಿಯನ್.

"ನಾನಿದ್ರೆ ನೀನು ನನ್ನ ಮುಖ ನೋಡ್ತೀಯ ಕಣೇ. ಚುಕ್ಕೆ ನೋಡು."

ಹೊರಗೆ ಬೆಂಚಿನ ಮೇಲೆ, ಲ್ಯಾಬಿಗೆ ಬೆನ್ನು ಹಾಕಿ ಕೂತರು. ಪಕ್ಕದಲ್ಲಿ ನಾನು, ಉಗುರು ಕಚ್ಚುತ್ತ. ಒಳಗೆ ಗುಂಡಿ ಒತ್ತಿದ ಸದ್ದು. ಎದುರಿನ ವಾರ್ಡಿನ ಪ್ರಿಂಟರ್ ಒಮ್ಮೆ ಕೆಮ್ಮಿತು, ಗೊಣಗಿತು, ಆಮೇಲೆ ಒಂದರ ಹಿಂದೊಂದು ಹಾಳೆ ಉಗುಳತೊಡಗಿತು. ಅಕ್ಕ ತಿರುಗಿ ನೋಡಲಿಲ್ಲ. ಸ್ವೆಟರ್ ಬಿಚ್ಚಿ, ನೀಟಾಗಿ ಮಡಿಚಿ, ತೊಡೆಯ ಮೇಲಿಟ್ಟುಕೊಂಡರು. ಸ್ವೆಟರ್ ಇಲ್ಲದ ಅಕ್ಕನನ್ನು ನಾನು ಕಂಡದ್ದು ಅದೇ ಮೊದಲು. ನಾನು ಬರೆದದ್ದು ಒಂದಕ್ಷರವೂ ಇಲ್ಲದ ಆ ಗುಂಡಿಯ ಬಗ್ಗೆ ಅವತ್ತು ಮನೆಯಲ್ಲಿ, ಬಸ್ಸಿನಲ್ಲಿ, ಕ್ಷೌರದಂಗಡಿಯಲ್ಲಿ ಕೊಚ್ಚಿಕೊಂಡೆ.

ಸೋಮವಾರ ಆಪರೇಷನ್ ಆಯಿತು. ಆರು ವಾರದಲ್ಲಿ ಲ್ಯಾಬಿನವರು ತೊಂಬತ್ತೊಂದು ಸಲ ಗುಂಡಿ ಒತ್ತಿದರು. ಅಕ್ಕನಿಗೆ ಒಂದೇ ಒಂದು ಫೋನ್ ಹೋಗಲಿಲ್ಲ.

ಕೋಲೂರಿಕೊಂಡು ಅವರು ವಾಪಸ್ ಬಂದ ದಿನ ಆಡಳಿತಾಧಿಕಾರಿ ಎಲ್ಲರೆದುರೇ ಕೇಳಿಬಿಟ್ಟರು: "ಆರು ವಾರ ನೀವಿಲ್ಲದೇನೇ ಎಲ್ಲ ನಡೀತಲ್ಲಮ್ಮಾ. ಹಾಗಾದ್ರೆ ನೀವು ಬೇಕಾ ಅನ್ನೋ ಪ್ರಶ್ನೆ ಬರಲ್ವಾ?"

ಅಕ್ಕ ಕೋಲನ್ನು ಅವರ ಮೇಜಿಗೇ ಒರಗಿಸಿದರು.

"ಬರಲಿ ಸರ್. ನಾನಿಲ್ಲದೇನೇ ನಡೀಲಿ ಅಂತ ಆ ಗುಂಡಿ ಮಾಡಿದ್ದೂ ನಾನೇ. ಬಲ ಮಂಡಿ ಇನ್ನೂ ಬಾಕಿ ಇದೆ, ಅದಕ್ಕೂ ಆರು ವಾರ ರಜೆ ಬರ್ಕೊಳ್ಳಿ."