ಹಾಸಿಗೆಯ ನಡುವೆ ಒಂದು ಹೊಲಿಗೆ

ಬೀದಿದೀಪಗಳು ಇನ್ನೂ ಆರಿಲ್ಲ. ಹಾಸಿಗೆ ಅಂಗಡಿಯ ಅರ್ಧ ಎತ್ತಿದ ಷಟರ್‌ನ ಕೆಳಗಿಂದ ಬೆಳಕಿನ ಪಟ್ಟಿಯೊಂದು ರಸ್ತೆಗೆ ಬಿದ್ದಿದೆ. ಒಳಗೆ ಮೊಳದುದ್ದದ ಸೂಜಿ ಹಿಡಿದು ಮಂಡಿಯೂರಿ ಕೂತಿದ್ದಾರೆ ಸೂಜಿಯಕ್ಕ. ಎದುರಿಗೆ ಹತ್ತಿ ತುಂಬಿ ಉಬ್ಬಿದ ಹೊಸ ಹಾಸಿಗೆ. ಸೂಜಿಯನ್ನು ಮೇಲಿನಿಂದ ಒತ್ತಿ ಇಳಿಸುತ್ತಾರೆ, ಅಂಚು ಎತ್ತಿ ಅಡಿಯಿಂದ ಸೆಳೆಯುತ್ತಾರೆ, ದಾರವನ್ನು ಬೆರಳಿಗೆ ಸುತ್ತಿ ಜಗ್ಗಿ ಗಂಟು ಹಾಕುತ್ತಾರೆ. ಗಂಟು ಬಿದ್ದಲ್ಲಿ ಮಗುವಿನ ಕೆನ್ನೆಯ ಮೇಲಿನಂಥ ಗುಳಿ ಮೂಡುತ್ತದೆ. ಕೆಲವು ಗಂಟಿಗೊಮ್ಮೆ ಕೈ ನಿಲ್ಲಿಸಿ, ಸೊಂಟಕ್ಕೆ ಅಂಗೈ ಕೊಟ್ಟು, ಬೆನ್ನು ನೇರ ಮಾಡಿಕೊಂಡು ಉಸಿರು ಬಿಡುತ್ತಾರೆ.

ಬೀದಿಗೆಲ್ಲ ಪರಿಚಯ ಇರುವುದು ಅವರ ಯಜಮಾನರದು. ಹತ್ತಿ ಹಿಂಜುವವರು, ತುಂಬುವವರು, ಗಿರಾಕಿಗಳ ಹತ್ತಿರ ಮಾತಾಡುವವರು ಅವರೇ. ಅಕ್ಕನ ಕೆಲಸದ ಮೇಲೆ ಹೊದಿಕೆ ಬೀಳುತ್ತದೆ. “ಕಾಣಿಸಬಾರದು ಕೂಡ. ಗಂಟು ಚುಚ್ಚಿದಾಗ ಮಾತ್ರ ಜನಕ್ಕೆ ನನ್ನ ನೆನಪು ಬರೋದು” ಎಂದು ನಗುತ್ತಾರೆ. ದಿನಕ್ಕೆ ಎರಡು ಸಣ್ಣ ಹಾಸಿಗೆ, ಇಲ್ಲವೇ ಒಂದು ದೊಡ್ಡದು. ಮದುವೆಯಾದ ವರ್ಷ ಅತ್ತೆಯಿಂದ ಕಲಿತ ಕೆಲಸ ಇದು. ಈಗ ತಲೆಗೂದಲು ಹತ್ತಿಯ ಬಣ್ಣಕ್ಕೆ ತಿರುಗಿದೆ.

ಈ ಅಂಗಡಿಯಲ್ಲಿ ಒಂದು ರೂಢಿಯಿತ್ತು. ಹತ್ತಿ ತುಂಬಿದ ಮೇಲೆ, ಬಾಯಿ ಹೊಲಿಯುವ ಮುಂಚೆ, ಯಜಮಾನರು ಹಾಸಿಗೆಯ ಮೇಲೆ ಮಲಗಿ ನೋಡುತ್ತಿದ್ದರು. ಭಾರೀ ಆಳು. ಹೊರಳಿ, ಕಣ್ಣು ಮುಚ್ಚಿ, “ಹ್ಞೂಂ, ಹೊಲಿ” ಎಂದರೆ ಅಕ್ಕ ಸೂಜಿಗೆ ದಾರ ಪೋಣಿಸಬೇಕಿತ್ತು. “ನಮ್ಮಪ್ಪನ ಬೆನ್ನೇ ಊರಿಗೆಲ್ಲ ಅಳತೆಪಟ್ಟಿ” ಎಂದು ಒಳಗೆ ಗವಸು ಹೊಲಿಯುವ ಮಗಳು ಛೇಡಿಸುತ್ತಿದ್ದಳು. ಅದು ತಮಾಷೆಯ ಮಾತಲ್ಲ ಎಂದು ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಕೆಲವು ವರ್ಷಗಳ ಹಿಂದೆ ಯಜಮಾನರು ತಮ್ಮ ಮನೆಯ ಹಾಸಿಗೆಗೂ ಹೊಸ ಹತ್ತಿ ತುಂಬಿದರು. ಎಂದಿನಂತೆ ತಾವೇ ಮಲಗಿ ನೋಡಿದರು. ಅವರ ಭಾರಕ್ಕೆ ಹದವಾಗಿ ತಗ್ಗಿದ ಹತ್ತಿ, ಕಡ್ಡಿಯಂಥ ಅಕ್ಕನ ಮೈಗೆ ಜಗ್ಗಲೇ ಇಲ್ಲ. ಭುಜ, ಪೃಷ್ಠ ಒತ್ತಿಕೊಳ್ಳುತ್ತಿದ್ದವು. ಸೊಂಟ ಮಾತ್ರ ಆಸರೆಯಿಲ್ಲದೆ ನಿಲ್ಲುತ್ತಿತ್ತು. ಬೆಳಗಾದರೆ ಗೋಡೆ ಹಿಡಿದು ಏಳುವುದು ಶುರುವಾಯಿತು.

“ಮೊದಮೊದಲು ಸೂಜಿಗೇ ಬೈಕೊಂಡೆ. ಆದ್ರೆ ಕೆಲಸದ ನೋವಾದ್ರೆ ಸಂಜೆಗೆ ಬರ್ಬೇಕಲ್ವಾ? ನಂಗೆ ಏಳೋವಾಗ್ಲೇ ಇರೋದು. ಓಡಾಡ್ತಾ ಓಡಾಡ್ತಾ ಕಮ್ಮಿಯಾಗೋದು” ಎನ್ನುತ್ತಾರೆ ಅಕ್ಕ.

ಡಾಕ್ಟರು ಎಂಥ ಹಾಸಿಗೆ ಎಂದು ಕೇಳಿದರು. ಪಕ್ಕದಲ್ಲಿದ್ದ ಯಜಮಾನರು ಎದೆಯುಬ್ಬಿಸಿ, “ನಾನೇ ಮಾಡಿದ್ದು ಡಾಕ್ಟ್ರೇ, ಕುಗ್ಗೋ ಮಾತೇ ಇಲ್ಲ” ಎಂದರು. ಅಕ್ಕ ಬಾಯಿ ಬಿಡಲಿಲ್ಲ. “ಹಾಸಿಗೆ ಮಾಡೋರ ಮನೇಲೇ ಹಾಸಿಗೆ ಸರಿಯಿಲ್ಲ ಅಂದ್ರೆ ಅವ್ರ ಮರ್ಯಾದೆ ಏನಾಗ್ಬೇಕು? ಅದೂ ನನ್ನ ಬಾಯಿಂದ!”

ಗುಳಿಗೆ ನುಂಗಿದರು, ಎಣ್ಣೆ ತಿಕ್ಕಿಸಿಕೊಂಡರು. ಒಂದು ದಿನ ಹೊಲಿಯಲು ಬಗ್ಗಿದವರು ಮೇಲೇಳಲಾಗದೆ ಅಲ್ಲೇ ಹಾಸಿಗೆಯ ಮೇಲೆ ಒರಗಿಬಿಟ್ಟರು. ಯಜಮಾನರು ಕೈಹಿಡಿದು ಎಬ್ಬಿಸಿ, ಮೆತ್ತಗೆ ಹೇಳಿದರು: “ಸಾಕು ಕಣೇ, ಎಷ್ಟು ಅಂತ ದುಡೀತೀಯ. ಇನ್ಮೇಲೆ ಹೊರಗೆ ಕೊಟ್ಟು ಹೊಲಿಸ್ತೀನಿ.”

ಪ್ರೀತಿಯಿಂದಲೇ ಆಡಿದ ಮಾತು. ಅಕ್ಕನಿಗೆ ಮಾತ್ರ ಕೈಯನ್ನೇ ಕಿತ್ತುಕೊಂಡಂತಾಯಿತು. ಮಾರನೆಯ ದಿನ ಅವರು ಹತ್ತಿ ತರಲು ಹೋದಾಗ, ಮಗಳನ್ನು ಕರೆದು ಹಾಸಿಗೆಯನ್ನು ಅಂಗಳಕ್ಕೆ ಎಳೆಸಿದರು. ತಮ್ಮ ಮಗ್ಗುಲಿನ ಹೊಲಿಗೆ ಬಿಚ್ಚಿ ತಬ್ಬಿನಷ್ಟು ಹತ್ತಿ ತೆಗೆದರು. ಉಳಿದದ್ದನ್ನು ಬಿಡಿಸಿ ಹಗುರ ಮಾಡಿದರು. ಎರಡು ಮಗ್ಗುಲು ಬೆರೆಯದಂತೆ ಉದ್ದಕ್ಕೂ ನಡುವೆ ಒಂದು ಹೊಲಿಗೆ ಹಾಕಿದರು. ಕೊನೆಯ ಗಂಟಿನ ಹೊತ್ತಿಗೆ ಯಜಮಾನರು ಬಾಗಿಲಲ್ಲಿದ್ದರು.

“ಯಾರದ್ದೇ ಬಿಚ್ಚಿರೋದು?”

“ನನ್ನದು.”

“ನಾನು ಮಲಗಿ ನೋಡಿದ್ದಲ್ವೇನೇ ಅದು?”

“ನೀವು ಮಲಗಿ ನೋಡಿದ್ರಿ. ನಾನು ಮೂರು ವರ್ಷದಿಂದ ಮಲಗ್ತಿದ್ದೀನಿ.”

ಅವರು ಊಟಕ್ಕೂ ಕೂರದೆ ಹೊರಗೆ ಹೋದರಂತೆ. ವಾರ ಕಳೆದ ಮೇಲೊಂದು ಬೆಳಗ್ಗೆ ಅಕ್ಕ ಗೋಡೆ ಮುಟ್ಟದೆ ಎದ್ದರು. ಯಜಮಾನರು ಮಲಗಿದಲ್ಲಿಂದಲೇ ನೋಡುತ್ತಿದ್ದರು. “ಎಷ್ಟು ತೆಗೆದೆ?” ಎಂದರು.

“ನಂಗೆ ಬೇಡವಾದಷ್ಟು.”

ಆಮೇಲೆ ಅವರಿಗೆ ಬೇರೆಯೇ ಚಿಂತೆ ಹತ್ತಿತು. ನನ್ನ ಬೆನ್ನಿನ ಅಳತೆಯಲ್ಲಿ ಊರ ತುಂಬ ಹಾಸಿಗೆ ಹಂಚಿದ್ದೇನಲ್ಲ ಎಂದು ಬಾಯಿಗೆ ತುತ್ತು ಸೇರಲಿಲ್ಲ. ನೆನಪಾದ ಸಣಕಲು ಮೈಯವರ ಮನೆಗೆಲ್ಲ ಹೋಗಿ, “ಹೇಗೆ ನಿದ್ದೆ ಬರ್ತಿದೆಯಮ್ಮ?” ಎಂದು ವಿಚಾರಿಸಿದರು. ಕೆಲವರು ಹಾಸಿಗೆ ವಾಪಸು ಕಳಿಸಿದರು. ಅವನ್ನು ಬಿಚ್ಚಿ ಸರಿಪಡಿಸಿದವರು ಅಕ್ಕ. ಹೊರಗೆ ಕೊಟ್ಟು ಹೊಲಿಸುವ ಮಾತು ಮತ್ತೆ ಏಳಲಿಲ್ಲ.

ಅಕ್ಕನ ನೋವು ಪೂರ್ತಿ ಹೋಗಿಲ್ಲ. ಚಳಿಗೆ ಹಿಡಿಯುತ್ತದೆ. ಡಾಕ್ಟರು ಹೇಳಿದ ವ್ಯಾಯಾಮ ಬಿಡುವಂತಿಲ್ಲ. ಇನ್ನೇನು ಬೇಕು ಎಂದರೆ ಸ್ವಲ್ಪ ಯೋಚಿಸುತ್ತಾರೆ. “ಕಣ್ಣು ಕಾಣೋವರೆಗೂ ದಾರ ಪೋಣಿಸ್ತಿರ್ಬೇಕು. ಅಷ್ಟೇ.”

ಬಿಸಿಲೇರುತ್ತಿದೆ. ಜೋಡಿ ಹಾಸಿಗೆಗೆಂದು ಗಂಡ ಹೆಂಡತಿ ಇಬ್ಬರು ಬಂದಿದ್ದಾರೆ. ಗಂಡ ಹಲಗೆಯ ಮೇಲಿನ ಮಾದರಿ ಹಾಸಿಗೆಯಲ್ಲಿ ಆಗಲೇ ಮಲಗಿ, ಚೆನ್ನಾಗಿದೆ ಎಂದು ತಲೆಯಾಡಿಸುತ್ತಾನೆ. ಯಜಮಾನರು ಅಕ್ಕನ ಕಡೆ ನೋಡುತ್ತಾರೆ.

“ನಿಮಗೆ ಹೇಗೆ ಬೇಕಮ್ಮ?” ಎಂದು ಅಕ್ಕ ಕೇಳುತ್ತಾರೆ.

“ನಂದೇನಿದೆ ಅಕ್ಕ, ಅವ್ರಿಗೆ ಸರಿಹೋದ್ರೆ ಆಯ್ತು” ಎನ್ನುತ್ತಾಳೆ ಆಕೆ.

“ಅವ್ರ ಮಗ್ಗುಲಲ್ಲಿ ಅವ್ರು ಮಲಗ್ಲಿ” ಎಂದು ಅಕ್ಕ ಹಾಸಿಗೆಯ ಇನ್ನೊಂದು ಕಡೆ ಕೈಯಿಂದ ಸವರುತ್ತಾರೆ. “ಚಪ್ಪಲಿ ಬಿಟ್ಟು ಬಾಮ್ಮ. ನಿನ್ನದನ್ನ ನೀನು ಮಲಗಿ ನೋಡದೆ ನಾನು ಸೂಜಿ ಮುಟ್ಟಲ್ಲ.”