ಟೊಕೆಲಾವಿನ ಮೀನು, ನಮ್ಮೂರ ಗುಡ್ಡೆ

ನನ್ನಿಂದ ಡಿಗ್ರಿ ಆಗುವುದಿಲ್ಲ ಎಂದವರು ನನ್ನ ದೊಡ್ಡಪ್ಪ. "ಕುರಿ ಹಿಂದೆ ತಿರುಗೋಳು ನೀನು. ಆಗೋ ಮಾತಾಡು" ಎಂದಿದ್ದರು.

ನಮ್ಮೂರು ಹೊಸಬಾಳೆಯಿಂದ ಸೊರಬಕ್ಕೆ ಬಂದು, ಬಸ್ಸು ಬದಲಿಸಿ, ಶಿಕಾರಿಪುರದ ಕಾಲೇಜಿಗೆ ನಿಂತೇ ಹೋಗಬೇಕಿತ್ತು. ಸಂಜೆ ಕುರಿಗಳಿಗೆ ಸೊಪ್ಪು ಹಾಕುವಷ್ಟರಲ್ಲಿ ಪುಸ್ತಕ ಹಿಡಿಯಲೂ ತ್ರಾಣ ಉಳಿಯುತ್ತಿರಲಿಲ್ಲ. ಭೂಗೋಳದಲ್ಲಿ ಎರಡು ಸಲ ಫೇಲಾದೆ. ಪುಟ್ಟ ದ್ವೀಪಗಳ ಜನ, ಆಡಳಿತ, ಆದಾಯ ಯಾವುದೂ ತಲೆಯಲ್ಲಿ ನಿಲ್ಲುತ್ತಿರಲಿಲ್ಲ.

ಕೊನೆಗೆ ನಿಂತದ್ದು ಟೊಕೆಲಾವ್ ಒಂದೇ. ನ್ಯೂಜಿಲೆಂಡಿಗೆ ಸೇರಿದ ಮೂರು ಹವಳದ ದ್ವೀಪಗಳು, ಹಡಗಿನಲ್ಲೇ ಹೋಗಬೇಕು. ಮೂರರ ಮುಖಂಡರು ವರ್ಷಕ್ಕೊಬ್ಬರಂತೆ ಸರದಿಯಲ್ಲಿ ಆಡಳಿತ ನಡೆಸುತ್ತಾರೆ. ಒಟ್ಟಾಗಿ ಹಿಡಿದ ಮೀನನ್ನು ಎಲ್ಲ ಮನೆಗಳಿಗೂ ಹಂಚುತ್ತಾರೆ. ನಮ್ಮಲ್ಲಿ ಕುರಿ ಕೊಯ್ದಾಗ ದೊಡ್ಡಪ್ಪ ಮನೆಗೊಂದರಂತೆ ಮಾಂಸದ ಗುಡ್ಡೆ ಹಾಕುವುದೂ ಹೀಗೆಯೇ. ಮೂರನೇ ಸಲದ ಪರೀಕ್ಷೆಯಲ್ಲಿ ದ್ವೀಪದ ಪ್ರಶ್ನೆಗೆ ಅದನ್ನೇ ಬರೆದೆ. ಪಾಸಾದೆ. ನಮ್ಮ ಮನೆತನಕ್ಕೆ ಅದೇ ಮೊದಲ ಡಿಗ್ರಿ.

ಸರ್ಟಿಫಿಕೇಟ್ ತಂದ ದಿನ ದೊಡ್ಡಪ್ಪ ಮಾಂಸದ ಮುಂದೆ ಕೂತಿದ್ದರು. ಗುಡ್ಡೆಯ ಕಥೆ ಹೇಳಿ ಸರ್ಟಿಫಿಕೇಟನ್ನು ಅವರಿಗೇ ಕೊಟ್ಟೆ. ಕೈ ಒರೆಸಿಕೊಂಡು ತೆಗೆದುಕೊಂಡರು. ಓದಲು ಬಾರದಿದ್ದರೂ ಬಹಳ ಹೊತ್ತು ನೋಡಿದರು. ಆಮೇಲೆ ಪಕ್ಕಕ್ಕೆ ಸರಿದು ಜಾಗ ಬಿಟ್ಟರು.

"ಬಾ, ಇವತ್ತಿನ ಗುಡ್ಡೆ ನೀನೇ ಹಾಕು. ನಂಗೂ ಸಾಕಾಗೈತೆ."