ಗೌರವ್ವ ತಪ್ಪು ನಾಯಿಯನ್ನು ಆರಿಸಿದ್ದು

ನಾಗಪುರದ ಅಜನಿಯ ರೈಲ್ವೆ ಕಾಲೊನಿಯಲ್ಲಿ ಗೌರವ್ವನ ಮನೆ ಎಲ್ಲಿ ಎಂದು ಕೇಳಿದರೆ ಜನ ತಲೆ ಕೆರೆದುಕೊಳ್ಳುತ್ತಿದ್ದರು. ‘ಕುತ್ರ್ಯಾಚಿ ಆಜಿ’, ಅಂದರೆ ನಾಯಿ ಅಜ್ಜಿ ಎಂದರೆ ಮಾತ್ರ ಬೀದಿಯ ಮಕ್ಕಳು ಆಟ ಬಿಟ್ಟು ಬಾಗಿಲ ತನಕ ಬಂದು ತೋರಿಸುತ್ತಿದ್ದವು. ಗೌರವ್ವ ರೋಣದ ಕಡೆಯ ಕುರುಬರ ಮನೆಯವಳು. ಹುಟ್ಟಿದ್ದು ಕುರಿಹಟ್ಟಿಯಲ್ಲಿ, ನಡೆಯಲು ಕಲಿತದ್ದು ಕುರಿಗಳ ಹಿಂದೆ. ಗಂಡ ತೀರಿಕೊಂಡ ಮೇಲೆ, ಗೂಡ್ಸ್ ಗಾಡಿಯ ಗಾರ್ಡ್ ಆಗಿದ್ದ ಒಬ್ಬನೇ ಮಗ ಮಾಳಪ್ಪ ಆಕೆಯನ್ನು ನಾಗಪುರಕ್ಕೆ ಕರೆತಂದ. ಗಂಟಿನಲ್ಲಿ ಆಕೆ ತಂದದ್ದು ಎರಡು ಸೀರೆ, ಒಂದು ಕಂಬಳಿ, ಉಣ್ಣೆ ಕತ್ತರಿಸುವ ಒಂದು ದೊಡ್ಡ ಕತ್ತರಿ. ಕುರಿಯೇ ಇಲ್ಲದ ಊರಿಗೆ ಇದ್ಯಾಕವ್ವಾ ಎಂದು ಮಗ ನಕ್ಕಾಗ, “ಇರಲಿ ಬಿಡೊ, ಅದೇನು ನಿನಗ ರೊಟ್ಟಿ ಕೇಳತೈತೇನು?” ಎಂದು ಅವನ ಬಾಯಿ ಮುಚ್ಚಿಸಿದಳು.

ಮರಾಠಿ ಆಕೆಗೆ ಅರ್ಧಂಬರ್ಧ ಬಂತು, ಹಿಂದಿ ಅದೂ ಇಲ್ಲ. ನಾಯಿಗಳ ವಿಷಯದಲ್ಲಿ ಮಾತ್ರ ಯಾವ ಭಾಷೆಯೂ ಬೇಕಾಗಲಿಲ್ಲ. ಕಿವಿಯಲ್ಲಿ ಹುಳ ಬಿದ್ದ ನಾಯಿ, ಗಂಟಲಲ್ಲಿ ಎಲುಬು ಸಿಕ್ಕಿಕೊಂಡ ನಾಯಿ, ಮೈತುಂಬ ಉಣ್ಣಿ ಹತ್ತಿಸಿಕೊಂಡ ನಾಯಿ, ಎಲ್ಲವೂ ಆಕೆಯ ಮುಂದೆ ಬಂದು ಸುಮ್ಮನೆ ಮಲಗುತ್ತಿದ್ದವು. ಆಕೆಯ ಹೆಸರು ಕಾಲೊನಿ ದಾಟಿ ಸಿವಿಲ್ ಲೈನ್ಸಿನ ಬಂಗಲೆಗಳವರೆಗೂ ಹೋಯಿತು. ಅಲ್ಲಿ ವ್ಯಾಸರಾಯರೆಂಬ ದೊಡ್ಡ ಅಧಿಕಾರಿಯಿದ್ದರು, ಧಾರವಾಡದವರು. ಅವರ ಹೆಂಡತಿ ಕೃಷ್ಣವೇಣಿಬಾಯಿ. ಮಕ್ಕಳಿಲ್ಲದ ಮನೆ, ಆದರೆ ಎರಡು ದೊಡ್ಡ ನಾಯಿಗಳಿದ್ದವು. ನಾಗಪುರದ ಮೇ ತಿಂಗಳ ಬಿಸಿಲಿಗೆ ಅದರಲ್ಲೊಂದು ನಾಲಿಗೆ ಚಾಚಿ ಬಚ್ಚಲಲ್ಲೇ ಬಿದ್ದುಕೊಂಡಿರುತ್ತದೆ ಎಂದು ಕೇಳಿ ಗೌರವ್ವ ತನ್ನ ಕತ್ತರಿ ಹಿಡಿದು ಹೋದಳು. ಒಂದು ತಾಸಿನಲ್ಲಿ ಅದರ ಮೈಯ ರಾಶಿ ಕೂದಲನ್ನು ಕುರಿಗೆ ಮಾಡುವಂತೆಯೇ ಇಳಿಸಿ ಹಗುರ ಮಾಡಿದಳು. ಆ ದಿನದಿಂದ ಬಾಯಿಯವರಿಗೆ ಗೌರವ್ವ ಅಂದರೆ ತವರಿನವಳು ಬಂದಂತೆ.

ಆದರೆ ಗೌರವ್ವನ ಎದೆಯೊಳಗೆ ಒಂದು ಭಯ ಮನೆ ಮಾಡಿತ್ತು. ಮೊಮ್ಮಗಳು ನೀಲಾ. ಆರು ವರ್ಷದ ಹುಡುಗಿ, ಕಿವಿ ಕೇಳಿಸುತ್ತಿರಲಿಲ್ಲ. ಎರಡನೆಯ ವರ್ಷದಲ್ಲಿ ಬಂದ ಜ್ವರ ಜೀವವನ್ನು ಬಿಟ್ಟು ಕಿವಿಯನ್ನು ತೆಗೆದುಕೊಂಡು ಹೋಗಿತ್ತು. ಕ್ವಾರ್ಟರ್ಸಿನ ಹಿತ್ತಲಿನಿಂದ ನೂರು ಹೆಜ್ಜೆಗೆ ಹಳಿಗಳು. ಹುಡುಗಿಯೋ ಪಾತರಗಿತ್ತಿ ಕಂಡರೆ ಅದರ ಹಿಂದೆ, ಆಡು ಕಂಡರೆ ಅದರ ಹಿಂದೆ. ಮಾಳಪ್ಪ ಗಾಡಿ ಹತ್ತಿದರೆ ಎರಡು ಮೂರು ದಿನ ಬರುತ್ತಿರಲಿಲ್ಲ. ಸೊಸೆ ಕಲಾವತಿಗೆ ಒಲೆ, ನೀರು, ಬಟ್ಟೆ. ಕಾಯುವವಳು ಅಜ್ಜಿಯೇ, ಅಜ್ಜಿಯ ಮೊಣಕಾಲುಗಳೋ ಎಂದೋ ಕೈಕೊಟ್ಟಿದ್ದವು. ಸಾವಿರ ಕುರಿಗಳಲ್ಲಿ ಒಂದು ತಪ್ಪದಂತೆ ಕಾದವಳು ಒಂದು ಕೂಸನ್ನು ಕಾಯಲಾರದೆ ದಿನವೂ ಹೆದರುತ್ತಿದ್ದಳು.

ಹೀಗಿರುವಾಗ ಐವತ್ತಾರನೆಯ ಇಸವಿ ಬಂತು. ಸರಕಾರ ಭೂಪಟದ ಮೇಲೆ ಹೊಸ ಗೆರೆ ಎಳೆಯಿತು. ಗೌರವ್ವನ ಊರು ಕೂತಲ್ಲೇ ಮೈಸೂರಿಗೆ ಸೇರಿತು, ನಾಗಪುರ ಮುಂಬಯಿಗೆ ಸೇರಿ ರಾಜಧಾನಿಯ ಪಟ್ಟ ಕಳೆದುಕೊಂಡಿತು, ವ್ಯಾಸರಾಯರಿಗೆ ಹೊಸ ರಾಜಧಾನಿಯಾದ ಭೋಪಾಲಕ್ಕೆ ವರ್ಗವಾಯಿತು. ಅಲ್ಲಿ ಸಿಕ್ಕದ್ದು ಸಣ್ಣ ಮನೆ, ಎರಡು ನಾಯಿಗೆ ಜಾಗವಿರಲಿಲ್ಲ. ಕೃಷ್ಣವೇಣಿಬಾಯಿ ಗೌರವ್ವನನ್ನು ಕರೆಸಿ ಹೇಳಿದರು: “ನಿನ್ನ ಮೊಮ್ಮಗಳ ಚಿಂತಿ ನನಗೂ ಅದ, ಗೌರವ್ವ. ಎರಡರಾಗ ಯಾವದು ಬೇಕೋ ನೀನ ಆರಿಸ್ಕೊ. ಉಳಿದದ್ದು ನಮ್ಮ ಕೂಡ ಬರ್ತದ.”

ಗೌರವ್ವನಿಗೆ ಅನಿಸಿತು: ಬೇಡದೆಯೇ ಕೊಡುವವರು ಲೋಕದಲ್ಲಿ ಎಷ್ಟು ಮಂದಿ? ಮರುದಿನವೇ ನೀಲಾಳ ಕೈ ಹಿಡಿದು ಬಂಗಲೆಗೆ ಹೋದಳು.

ಒಂದು ಅಲ್ಸೇಶಿಯನ್, ಹೆಸರು ಸುಲ್ತಾನ. ಬೆನ್ನು ಕಪ್ಪು, ಕಾಲು ಕಂದು, ನೆಟ್ಟಗೆ ನಿಂತ ಕಿವಿ. ಕೂಡು ಎಂದರೆ ಕೂಡುವ, ಏಳು ಎಂದರೆ ಏಳುವ ಶಿಸ್ತು. ಇನ್ನೊಂದು ಕೋಲಿ ಎಂಬ ತಳಿಯ ಹೆಣ್ಣು, ಹೆಸರು ರೂಬಿ. ಉದ್ದ ಮೂತಿ, ಬೆಲ್ಲದ ಬಣ್ಣದ ಮೈ, ಕೊರಳ ಸುತ್ತ ಬಿಳಿ. ಬೇಸಿಗೆಯಲ್ಲಿ ಕತ್ತರಿಸಿದ ಕೂದಲು ಮತ್ತೆ ಚಲೋ ಬೆಳೆದಿತ್ತು.

“ಎರಡೂ ಪರದೇಶದ ಕುರಿ ಕಾಯೋ ನಾಯಿನ,” ಎಂದರು ಬಾಯಿಯವರು. “ಸುಲ್ತಾನಗ ದಿನಾ ಮಾಂಸ ಬೇಕು. ನಮ್ಮನ್ಯಾಗ ಆಗೂದಿಲ್ಲಂತ ಜವಾನನ ಮನ್ಯಾಗ ಹಾಕಸ್ತೀನಿ. ರೂಬಿ ಹಾಲನ್ನ ಉಂಡು ಬೆಳದಾಕಿ. ಆದರ ಇಕಿ ಕೂದಲಾ ಬಾಚೂದು ಒಂದು ಕೆಲಸ ನೋಡು, ಮತ್ತ ಬಿಸಲಾ ತಡಿಯೂದಿಲ್ಲ.”

“ಹಂಗಾರ ಎರಡೂ ನಮ್ಮ ಕುಲದಾವ ಅನ್ರಿ,” ಎಂದು ಗೌರವ್ವ ನಕ್ಕು, ಸೆರಗಿನಿಂದ ಜೋಳದ ರೊಟ್ಟಿ ತೆಗೆದಳು. ಅಪ್ಪ ಕಲಿಸಿದ ಪರೀಕ್ಷೆ ಅದು. ಹೊರಗಿನವರ ಕೈಯ ರೊಟ್ಟಿ ತಿನ್ನುವ ನಾಯಿ ಹಟ್ಟಿಗೆ ಆಗದು, ನಾಳೆ ಕಳ್ಳ ಕೊಟ್ಟರೂ ತಿಂದೀತು. ಇಲ್ಲಿಯವರೆಗೆ ಎರಡೂ ಆಕೆಯನ್ನು ನೋಡಿದ್ದವು, ಆದರೆ ಆಕೆ ತಿನ್ನಲು ಎಂದೂ ಕೊಟ್ಟಿರಲಿಲ್ಲ. ಸುಲ್ತಾನ ರೊಟ್ಟಿ ಮೂಸಿ ಮುಖ ತಿರುಗಿಸಿದ. ರೂಬಿ ಮೆಲ್ಲಗೆ ಬಾಯಿಗೆ ತೆಗೆದುಕೊಂಡು ಸಾವಕಾಶ ತಿಂದಳು. ಗೌರವ್ವ ಮೂಗು ಮುರಿದಳು.

ಅಷ್ಟರಲ್ಲಿ ನೀಲಾ ಗೇಟಿನ ಕಡೆ ಹೊರಟಿದ್ದಳು. ರೂಬಿ ತಟ್ಟನೆ ಎದ್ದು, ದೂರದಿಂದ ಬಳಸಿಕೊಂಡು ಹೋಗಿ ಹುಡುಗಿಗೆ ಅಡ್ಡ ನಿಂತಳು. ನೀಲಾ ಎಡಕ್ಕೆ ಸರಿದರೆ ತಾನೂ ಎಡಕ್ಕೆ, ಬಲಕ್ಕೆ ಸರಿದರೆ ಬಲಕ್ಕೆ. ಕೊನೆಗೆ ಹಿಂದೆ ಬಂದು ಹೆಗಲಿನಿಂದ ತೊಡೆಗೆ ಒತ್ತಿ ಒತ್ತಿ ಹುಡುಗಿಯನ್ನು ಹುಲ್ಲಿಗೆ ವಾಪಸು ತಂದಳು. ಹುಡುಗಿ ಕಿಲಕಿಲ ನಗುತ್ತಿದ್ದಳು.

ಗೌರವ್ವನ ಮುಖ ಮಾತ್ರ ಗಂಟಾಯಿತು. ಆಕೆಯ ಹಟ್ಟಿಯಲ್ಲಿ ಕುರಿ ನಡೆಸುವವನು ಕುರುಬ, ಬಾಯಿಂದ ಮತ್ತು ಕೋಲಿನಿಂದ. ನಾಯಿಯ ಕೆಲಸ ಹೊರಗೆ ಕೂತು ತೋಳ ಕಾಯುವುದು. ಕುರಿಯ ಮೈಮೇಲೆ ಹೋಗುವ ನಾಯಿ, ಕುರಿಯ ಹಿಂದೆ ಬಿದ್ದು ಅಟ್ಟುವ ನಾಯಿ, ಬೇಲಿಯೇ ಎದ್ದು ಹೊಲ ಮೇಯ್ದಂತೆ. ಅಂಥದನ್ನು ಒಂದು ದಿನವೂ ಇಟ್ಟುಕೊಳ್ಳುತ್ತಿರಲಿಲ್ಲ.

“ಇದು ಅಟ್ಟೋ ಜಾತಿರೀ ಬಾಯಾರ. ಕೂಸಿನ ಬುಡಕ ಬ್ಯಾಡ. ಸುಲ್ತಾನನ್ನ ಕೊಡ್ರಿ.”

ಕೃಷ್ಣವೇಣಿಬಾಯಿಯವರು ಒಂದು ನಿಟ್ಟುಸಿರು ಬಿಟ್ಟರು. ಅವರ ಮುಖ ಹಗುರಾದದ್ದನ್ನು ಗೌರವ್ವ ಕಂಡಳು, ಕಾರಣ ಕೇಳಲಿಲ್ಲ. ರೂಬಿ ಬಂದು ಅವರ ಸೀರೆಯ ನೆರಿಗೆಗೆ ತಲೆ ಒತ್ತಿ ಕೂತಳು.

ಸುಲ್ತಾನ ಬಂದ ಮೇಲೆ ಕ್ವಾರ್ಟರ್ಸಿನಲ್ಲಿ ಏಳು ದಿನ ರಾಜ್ಯಭಾರವೇ ನಡೆಯಿತು. ಪೋಸ್ಟಿನವನು ಕಾಗದಗಳನ್ನು ದೂರದಿಂದ ಎಸೆದು ಹೋದ. ನೆರೆಯವರು ನಲ್ಲಿಗೆ ಬರಬೇಕಾದರೆ ಮೊದಲು ಕೂಗಿ ಅಪ್ಪಣೆ ಕೇಳಬೇಕಾಯಿತು. ನೀಲಾಳ ಪಕ್ಕ ಬಿಟ್ಟು ಅವನು ಕದಲುತ್ತಿರಲಿಲ್ಲ. “ನಾಯಿ ಅಂದ್ರ ಹಿಂಗಿರಬೇಕು,” ಎಂದು ಗೌರವ್ವ ಎಲ್ಲರಿಗೂ ಹೇಳಿಕೊಂಡು ತಿರುಗಿದಳು.

ಎಂಟನೆಯ ದಿನ ಬೆಳಿಗ್ಗೆ ಹಿತ್ತಲಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದಾಗ ಸುಲ್ತಾನನ ಬೊಗಳು ಕೇಳಿತು. ತಲೆ ಎತ್ತಿ ನೋಡಿದರೆ ನೀಲಾ ಹಳಿಗಳ ನಡುವೆ ಕುಕ್ಕರಗಾಲಲ್ಲಿ ಕೂತು ಕಲ್ಲು ಆರಿಸುತ್ತಿದ್ದಳು. ಅತ್ತ ಅವಳ ಬೆನ್ನ ಕಡೆಯಿಂದ ಶಂಟಿಂಗ್ ಎಂಜಿನ್ನು ನಾಲ್ಕು ವ್ಯಾಗನ್ನುಗಳನ್ನು ತಳ್ಳಿಕೊಂಡು ಬರುತ್ತಿತ್ತು. ಸುಲ್ತಾನ ಹುಡುಗಿಯ ಪಕ್ಕ ನಿಂತು ಗಂಟಲು ಹರಿಯುವಂತೆ ಬೊಗಳುತ್ತಿದ್ದ. ಬೊಗಳಿದರೆ ಯಾರಿಗೆ ಕೇಳಬೇಕು? ಒಬ್ಬ ಗ್ಯಾಂಗ್‌ಮನ್ ಹುಡುಗಿಯನ್ನು ಎತ್ತಿಕೊಳ್ಳಲು ಓಡಿ ಬಂದ. ಸುಲ್ತಾನ ಹಲ್ಲು ಕಿರಿದು ಅವನ ಮೇಲೆಯೇ ಏರಿ ಹೋದ, ಹತ್ತಿರ ಬಿಡಲೇ ಇಲ್ಲ. ಆ ಪುಣ್ಯಾತ್ಮ ಎದೆಗೆಡದೆ ತಿರುಗಿ, ಕೈಯಲ್ಲಿದ್ದ ಕೆಂಪು ಬಾವುಟ ಬೀಸುತ್ತ ವ್ಯಾಗನ್ನುಗಳ ಕಡೆಗೆ ಓಡಿದ. ಹತ್ತು ಹೆಜ್ಜೆ ಉಳಿದಾಗ ಗಾಡಿ ನಿಂತಿತು.

ಗೌರವ್ವ ಹೇಗೆ ಅಲ್ಲಿಗೆ ಮುಟ್ಟಿದಳೋ ಆಕೆಗೇ ಗೊತ್ತಿಲ್ಲ. ಕೂಸನ್ನು ಎದೆಗವಚಿಕೊಂಡು ಆ ಗ್ಯಾಂಗ್‌ಮನ್ನನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು. “ನಿನ್ನ ಹೊಟ್ಟಿ ತಣ್ಣಗಿರಲೆಪಾ,” ಎಂದಳು. ಅವನಿಗೆ ಕನ್ನಡ ತಿಳಿಯದಿದ್ದರೂ ತಲೆಯಾಡಿಸಿ ಹೋದ.

ಮಧ್ಯಾಹ್ನ ಗಾಡಿ ಇಳಿದು ಬಂದ ಮಾಳಪ್ಪ ಸಂಗತಿ ಕೇಳಿ ಸುಲ್ತಾನನ ಮೇಲೆ ಹರಿಹಾಯ್ದ. ಗೌರವ್ವ ತಡೆದಳು.

“ಅವಂದೇನೂ ತಪ್ಪಿಲ್ಲೋ ಮಾಳ್ಯಾ. ಕುಣಿಲಾರದಾಕಿ ನೆಲಾ ಡೊಂಕು ಅಂದಂಗ ನಾಯೀನ ಬೈಬ್ಯಾಡ. ಹೊರಗಿನವರನ್ನ ಬಿಡಬ್ಯಾಡ ಅಂತ ಕಲಿಸ್ಯಾರ, ಅವ ಬಿಡಲಿಲ್ಲ. ತಪ್ಪು ನಂದು. ಕಿವಿ ಇಲ್ಲದ ಕೂಸಿಗೆ ಬೊಗಳೋ ನಾಯಿ ತಂದೆ. ಆ ರೂಬಿ ಬೊಗಳದಂಗ ಮೈಯಿಂದ ತಳ್ಳಿ ತಿರುಗಿಸಿತ್ತು. ನನಗ ಬೇಕಾಗಿದ್ದು ಅದ. ಕಣ್ಣಾರೆ ಕಂಡು ಅಟ್ಟೋ ನಾಯಿ ಅಂದೆ.”

“ಬಾಯಾರು ನಾಳೆ ಮಧ್ಯಾಹ್ನದ ಗಾಡಿಗೆ ಹೊಂಟಾರವ್ವಾ. ಕೊಟ್ಟದ್ದನ್ನ ತಿರುಗಿ ಕೊಟ್ಟು ಇನ್ನೊಂದು ಕೊಡ್ರಿ ಅಂತ ಹೆಂಗ ಕೇಳ್ತಿ? ಮಂದಿ ಏನಂದಾರು?”

“ಏನರ ಅನ್ನಲಿ. ನನ್ನ ಮಾನ ಕೂಸಿನ ಜೀವಕ್ಕಿಂತ ದೊಡ್ಡದೇನು?”

ನಾಯಿಯನ್ನು ಕಂಡು ಟಾಂಗಾದವರು ಯಾರೂ ಹತ್ತಿಸಿಕೊಳ್ಳಲಿಲ್ಲ. ಅಜನಿಯಿಂದ ಸಿವಿಲ್ ಲೈನ್ಸಿನ ತನಕ ಗೌರವ್ವ ಸುಲ್ತಾನನ ಹಗ್ಗ ಹಿಡಿದು ನಡೆದೇ ಹೋದಳು, ಅಲ್ಲಲ್ಲಿ ಕೂತು ಮೊಣಕಾಲು ತಿಕ್ಕಿಕೊಳ್ಳುತ್ತ. ದಾರಿಯುದ್ದಕ್ಕೂ ಆಕೆಯ ಕಣ್ಣ ಮುಂದೆ ಇದ್ದದ್ದು ಎಂಟು ದಿನದ ಹಿಂದೆ ಬಾಯಿಯವರ ಮುಖ ಹಗುರಾದ ರೀತಿ. ಆಗ ಕೇಳಿರದ ಆ ಕಾರಣ ಈಗ ತಿಳಿದಿತ್ತು.

ಬಂಗಲೆಯಲ್ಲಿ ಟ್ರಂಕುಗಳಿಗೆ ಬೀಗ ಬಿದ್ದಿತ್ತು. ರೂಬಿ ಹಾಸಿಗೆಯ ಸುರುಳಿಯ ಮೇಲೆ ಮಲಗಿದ್ದಳು. ಕೃಷ್ಣವೇಣಿಬಾಯಿ ಗಾಬರಿಯಿಂದ ಎದ್ದರು. “ಯಾಕವಾ, ಸುಲ್ತಾನಗ ಏನಾತು?”

“ಅವಗೇನೂ ಆಗಿಲ್ರಿ ಬಾಯಾರ. ಕಣ್ಣಿದ್ದೂ ಕುರುಡಿಯಾಗಿದ್ದು ನಾನು.” ನಡೆದದ್ದನ್ನೆಲ್ಲ ಗೌರವ್ವ ಹೇಳಿದಳು, ಒಂದನ್ನೂ ಮುಚ್ಚಲಿಲ್ಲ. “ಜೀವಮಾನ ಪೂರ್ತಿ ನಾಯಿ ಕೂಡ ಬಾಳೇವು ಮಾಡಿ ನಾಯಿ ಗುರ್ತು ಹಿಡೀಲಿಲ್ಲ. ರೂಬಿ ಅಂದ್ರ ನಿಮಗ ಏನು ಅನ್ನೂದು ಗೊತ್ತೈತ್ರಿ. ಕೇಳಾಕ ಬಾಯಿಲ್ಲ. ಆದರೂ ಕೂಸಿನ ಸಲವಾಗಿ ಕೇಳಾಕ ಬಂದೇನ್ರಿ.”

ಬಾಯಿಯವರು ಕೈಯಲ್ಲಿದ್ದ ಚಾದರವನ್ನು ಮಡಿಸಿದರು, ಬಿಚ್ಚಿದರು, ಮತ್ತೆ ಮಡಿಸಿದರು. ಆಮೇಲೆ ಒಳಗೆ ಹೋದರು. ಬಹಳ ಹೊತ್ತು ಬರಲಿಲ್ಲ. ಗೌರವ್ವ ಇನ್ನೇನು ಎದ್ದು ಹೋಗೋಣ ಎನ್ನುವಷ್ಟರಲ್ಲಿ ಒಂದು ಬಾಚಣಿಗೆ ಮತ್ತು ಹಿತ್ತಾಳೆಯ ಬಟ್ಟಲು ಹಿಡಿದು ಹೊರಗೆ ಬಂದರು. ಕಣ್ಣು ಕೆಂಪಾಗಿದ್ದವು.

“ವಾರಕ್ಕ ಎರಡು ಸರತಿ ಬಾಚಬೇಕು. ಕಿವಿ ಹಿಂದ ಜಲ್ದಿ ಗಂಟು ಬೀಳ್ತದ, ಅಲ್ಲಿ ಸಾವಕಾಶ. ಹಾಲು ಬಿಸಿ ಇರಬಾರದು.” ಸ್ವಲ್ಪ ತಡೆದು ಹೇಳಿದರು: “ನಾಳೆ ಸ್ಟೇಶನ್ನಿಗೆ ಒಂದು ಸಲ ಕರಕೊಂಡು ಬಾ.”

ಗೌರವ್ವನಿಗೆ ಅಳು ತಡೆಯಲಾಗಲಿಲ್ಲ. ಬಾಯಿಯವರೂ ಅತ್ತರು. ಇಬ್ಬರ ನಡುವೆ ರೂಬಿ ಒಮ್ಮೆ ಇವರ ಕೈ, ಒಮ್ಮೆ ಅವರ ಕೈ ನೆಕ್ಕುತ್ತಿದ್ದಳು.

ಮರುದಿನ ಪ್ಲಾಟ್‌ಫಾರ್ಮಿನಲ್ಲಿ ಗದ್ದಲವೋ ಗದ್ದಲ. ಅರ್ಧ ಸೆಕ್ರೆಟರಿಯೇಟೇ ಗಂಟುಮೂಟೆ ಕಟ್ಟಿ ಭೋಪಾಲಕ್ಕೆ ಹೊರಟಂತಿತ್ತು. ಸುಲ್ತಾನನನ್ನು ಗಾರ್ಡಿನ ಡಬ್ಬಿಗೆ ಹತ್ತಿಸಲಾಗಿತ್ತು. ರೂಬಿಯ ಹಗ್ಗ ಮಾಳಪ್ಪನ ಕೈಯಲ್ಲಿತ್ತು. ಆಕೆ ಕಿಟಕಿಯಲ್ಲಿದ್ದ ಒಡತಿಯ ಮೇಲಿನ ಕಣ್ಣು ತೆಗೆಯುತ್ತಿರಲಿಲ್ಲ. ಗೌರವ್ವನಿಗೆ ಒಂದೇ ಯೋಚನೆ: ಈ ನಾಯಿ ಇಲ್ಲಿ ನಿಂತೀತೆ?

ಎಂಜಿನ್ನು ಸೀಟಿ ಊದಿತು. ಗಾಡಿ ಮೆಲ್ಲಗೆ ಕದಲಿತು. ರೂಬಿ ಒಮ್ಮೆಲೆ ಜಗ್ಗಿದ ರಭಸಕ್ಕೆ ಹಗ್ಗ ಮಾಳಪ್ಪನ ಕೈಯಿಂದ ಜಾರಿತು. ಆಕೆ ಕಿಟಕಿಯ ಜೊತೆಜೊತೆಗೆ ಓಡತೊಡಗಿದಳು. ಅದೇ ಹೊತ್ತಿಗೆ ನೀಲಾ ಅಜ್ಜಿಯ ಕೈ ಬಿಡಿಸಿಕೊಂಡು, ಟಾಟಾ ಮಾಡುತ್ತ, ಗಾಡಿಯ ಕಡೆಗೆ ಓಡಿದಳು. ಗೌರವ್ವ ಕೂಗಿದಳು. ಕೂಗಿ ಏನು ಬಂತು?

ರೂಬಿ ಕತ್ತು ತಿರುಗಿಸಿ ಹುಡುಗಿಯನ್ನು ಕಂಡಳು. ನಿಂತಳು. ಮತ್ತೆ ಕಿಟಕಿಯ ಕಡೆ ನೋಡಿದಳು. ಕಿಟಕಿಯಲ್ಲಿ ಕೃಷ್ಣವೇಣಿಬಾಯಿ ಸೆರಗನ್ನು ಎರಡೂ ಕೈಯಿಂದ ಬಾಯಿಗೆ ಒತ್ತಿ ಹಿಡಿದಿದ್ದರು. ಆ ಬಾಯಿಂದ ಒಂದು ಸಲ ‘ರೂಬಿ’ ಎಂಬ ಹೆಸರು ಹೊರಟಿದ್ದರೆ ನಾಯಿ ಭೋಪಾಲದ ತನಕ ಓಡುತ್ತಿತ್ತೋ ಏನೋ. ಅದು ಅವರಿಗೂ ಗೊತ್ತಿತ್ತು, ಗೌರವ್ವನಿಗೂ ಗೊತ್ತಿತ್ತು. ಅವರು ಕರೆಯಲಿಲ್ಲ.

ರೂಬಿ ಬಳಸಿಕೊಂಡು ಬಂದು ನೀಲಾಳಿಗೆ ಅಡ್ಡ ನಿಂತಳು. ಹೆಗಲು ಕೊಟ್ಟು ಒತ್ತುತ್ತ, ಹೆಜ್ಜೆ ಹೆಜ್ಜೆಗೂ ಒತ್ತುತ್ತ, ಹುಡುಗಿಯನ್ನು ಅಂಚಿನಿಂದ ಹಿಂದೆ ತಂದು ಅಜ್ಜಿಯ ಕಾಲಿಗೆ ಮುಟ್ಟಿಸಿದಳು.

ಬಾಯಿಯವರು ಗೌರವ್ವನಿಗೆ ಮಗಳ ವಯಸ್ಸಿನವರು. ಆದರೂ ಗಾಡಿಯ ಕೊನೆಯ ಡಬ್ಬಿ ದಾಟುವವರೆಗೆ ಗೌರವ್ವ ಎರಡೂ ಕೈ ಮುಗಿದು ನಿಂತಿದ್ದಳು. ಆಮೇಲೆ ಕಣ್ಣೊರೆಸಿಕೊಂಡು ಮಗನ ಕಡೆ ತಿರುಗಿದಳು.

“ಮಾಳ್ಯಾ, ಮನೀಗೆ ಹೋದ ಕೂಡ್ಲೆ ಭೋಪಾಲಕ್ಕ ಕಾಗದಾ ಬರಿ. ಎರಡೂ ಕೂಸು ಸುಖಾ ಅದಾವು ಅಂತ ಬರಿ.”